ಒಗ್ಗರಣೆ ಸೌಟಿನಲ್ಲಿ ಸೀಸ

ನಮ್ಮ ಮನೆಯಲ್ಲಿ ಗಂಡಸರಿಗೆ ಮೊದಲು ಬಡಿಸುವ ಪದ್ಧತಿಯನ್ನು ನಿಲ್ಲಿಸಿದವನು ನಾನೇ. ಮದುವೆಯಾದ ಹೊಸತರಲ್ಲಿ ಹೆಂಡತಿ ನನ್ನ ಬಟ್ಟಲಿಗೆ ಅನ್ನ ಹಾಕಿ ಪಕ್ಕದಲ್ಲಿ ನಿಂತುಕೊಳ್ಳುತ್ತಿದ್ದಳು. "ಎಂತ ಇದು, ನಾನೇನು ಗುತ್ತಿನ ಯಜಮಾನನಾ? ಕೂತ್ಕೊ ಮಾರಾಯ್ತಿ, ಒಟ್ಟಿಗೆ ಉಣ್ಣುವ" ಎಂದಿದ್ದೆ. ಗುತ್ತಿನ ದೊಡ್ಡಮನೆ, ಜಮೀನ್ದಾರಿಕೆ, ಗದ್ದೆ ಎಲ್ಲ ಅಜ್ಜನ ಕಾಲಕ್ಕೇ ಮುಗಿದಿತ್ತು. ನನಗೆ ಉಳಿದದ್ದು ಕಂಕನಾಡಿಯಲ್ಲಿ ಒಂದು ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ದೇರೆಬೈಲಿನಲ್ಲಿ ಒಂದು ಮನೆ. ಒಟ್ಟಿಗೆ ಉಣ್ಣುವ ಎಂದ ಆ ಒಂದು ಮಾತನ್ನು ನೆಂಟರ ಮುಂದೆ ಎಷ್ಟು ಸಲ ಹೇಳಿ ಮೆರೆದಿದ್ದೇನೋ ಲೆಕ್ಕವಿಲ್ಲ.

ಗಾಳದ ಹುಚ್ಚು ನನಗೆ ಹತ್ತಿದ್ದು ಐವತ್ತು ದಾಟಿದ ಮೇಲೆ. ಭಾನುವಾರ ಬೆಳಿಗ್ಗೆ ಪಣಂಬೂರಿನ ಕಡೆ ಕಲ್ಲುಗಳ ಮೇಲೆ ರಾಡ್ ಹಿಡಿದು ನಿಲ್ಲುವ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಮುರು ಮೀನು ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ. ಅದನ್ನು ಹಿಡಿಯಲು ಜಿಗ್ ಹೆಡ್ ಬೇಕು. ಏನೂ ಇಲ್ಲ, ಗಾಳದ ಕುತ್ತಿಗೆಗೆ ಸೀಸದ ಗುಂಡು ಎರಕ ಹೊಯ್ದಿರುತ್ತಾರೆ, ಅದಕ್ಕೆ ರಬ್ಬರಿನ ಮೀನು ಸಿಕ್ಕಿಸಿ ಎಸೆಯುವುದು. ಎಸೆದ ಐದರಲ್ಲಿ ಮೂರು ಕಲ್ಲಿಗೆ ಸಿಕ್ಕಿ ಅಲ್ಲಿಯೇ ಸಮುದ್ರಪಾಲು. ನಮ್ಮ ಜೊತೆ ನಿಲ್ಲುವ ಮೊಗವೀರ ಹಿರಿಯರೊಬ್ಬರು ಮಾತ್ರ ಅಂಗಡಿಯದ್ದನ್ನು ಮುಟ್ಟುತ್ತಿರಲಿಲ್ಲ, ತಾವೇ ಎರಕ ಹೊಯ್ದು ತರುತ್ತಿದ್ದರು. ನನಗೂ ಹೇಳಿಕೊಡಿ ಎಂದು ಅವರ ಬೆನ್ನು ಹತ್ತಿದೆ.

"ದೊಡ್ಡ ವಿದ್ಯೆ ಎಂತದ್ದೂ ಇಲ್ಲ ಮಾರಾಯ್ರೆ" ಎಂದರು. "ಅಚ್ಚು ಒಣಗಿರಬೇಕು. ಒಂದು ಹನಿ ನೀರಿದ್ರೂ ಸೀಸ ಸಿಡಿದು ಮುಖಕ್ಕೆ ಬರ್ತದೆ. ಹೊರಗೆ, ಗಾಳಿ ಇರುವಲ್ಲಿ ಮಾಡಿ. ಮತ್ತೆ, ಸೀಸ ಕರಗಿಸಿದ ಸೌಟು ಯಾವತ್ತಿಗೂ ಅಡಿಗೆಮನೆಗೆ ಹೋಗ್ಲಿಕ್ಕಿಲ್ಲ. ನಮ್ಮಲ್ಲಿ ಅದಕ್ಕೆ ಬೇರೆಯೇ ಉಂಟು, ಶೆಡ್ಡಲ್ಲೇ ಇರ್ತದೆ."

ಇದನ್ನು ಇಲ್ಲಿ ಯಾಕೆ ಬರೆದೆ ಎಂದರೆ, ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿರಲಿಲ್ಲ.

ಆನ್‌ಲೈನಿನಲ್ಲಿ ಅಲ್ಯೂಮಿನಿಯಂ ಅಚ್ಚು ತರಿಸಿದೆ. ಟಯರ್ ಅಂಗಡಿಯವನಲ್ಲಿ ಕೇಳಿ, ಚಕ್ರದ ಬ್ಯಾಲೆನ್ಸಿಗೆ ಹೊಡೆಯುವ ಹಳೆಯ ಸೀಸದ ತುಂಡುಗಳನ್ನು ಒಂದು ಡಬ್ಬಿ ತುಂಬ ತಂದೆ. ಆಗ ಮಗಳು ಹೆರಿಗೆಗೆಂದು ಮನೆಗೆ ಬಂದಿದ್ದಳು, ಏಳು ತಿಂಗಳು. ಡಬ್ಬಿ ನೋಡಿದ್ದೇ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಇವಳು ಹೆತ್ತು ಮುಗಿಯುವ ತನಕ ಈ ಸೀಸ ಗೀಸ ಎಲ್ಲ ಬೇಡ. ಹೊಟ್ಟೆಯಲ್ಲಿರುವ ಮಗುವಿಗೆ ಅದು ವಿಷ ಅಂತೆ."

"ಆಯ್ತು ಮಾರಾಯ್ತಿ, ಮುಟ್ಟುವುದಿಲ್ಲ. ಸಾಕಾ?" ಎಂದೆ. ಆ ಮಾತು ಹನ್ನೊಂದು ದಿನ ಉಳಿಯಿತು.

ಒಂದು ಬುಧವಾರ ತಾಯಿ ಮಗಳು ಸ್ಕ್ಯಾನಿಗೆಂದು ಕಂಕನಾಡಿಯ ಆಸ್ಪತ್ರೆಗೆ ಹೋದರು. ಬರುವಾಗ ಸಂಜೆಯಾಗುತ್ತದೆ ಎಂದು ಹೇಳಿ ಹೋಗಿದ್ದರು. ನಾನು ಅಂಗಡಿಯಿಂದ ನೇರ ಮನೆಗೆ ಬಂದು, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಳೆಯ ಸ್ಟವ್ ಹಚ್ಚಿದೆ. ಅಚ್ಚು ಉಂಟು, ಗಾಳ ಉಂಟು, ಸೀಸ ಉಂಟು. ಸೌಟು ಇಲ್ಲ! ಅಂಗಡಿಯ ಎದುರೇ ಕಬ್ಬಿಣದ ಪಾತ್ರೆ ಮಾರುತ್ತಾರೆ, ತಂದಿರಲಿಲ್ಲ. ಮತ್ತೆ ಹೋಗಿ ಬರುವಷ್ಟು ತಾಳ್ಮೆ ಯಾರಿಗುಂಟು? ಅಡಿಗೆಮನೆಯ ಮೊಳೆಯಲ್ಲಿ ಕಬ್ಬಿಣದ ಒಗ್ಗರಣೆ ಸೌಟು ತೂಗುತ್ತಿತ್ತು. ಹೆಂಡತಿಯ ತಾಯಿಯ ಕಾಲದ್ದು. ಒಂದು ಬದಿ ಸವೆದು ತುಟಿಯ ಹಾಗೆ ಇಳಿದಿತ್ತು, ಎರಕ ಹೊಯ್ಯಲೆಂದೇ ಹೇಳಿ ಮಾಡಿಸಿದ ಹಾಗೆ. ಇವತ್ತು ಇದರಲ್ಲಿ ಮಾಡಿ ಬಚ್ಚಿಟ್ಟರಾಯಿತು, ನಾಳೆ ಹೊಸತು ತಂದು ಹಳೆಯದು ತೂತಾಯಿತು ಎಂದರಾಯಿತು ಎಂದುಕೊಂಡೆ.

ಸೀಸ ಕರಗುವುದನ್ನು ನೋಡುವುದೇ ಒಂದು ಚಂದ. ಮೇಲೆ ಬೂದಿಯಂಥ ಕೊಳೆ ಕಟ್ಟುತ್ತದೆ, ಅದನ್ನು ಕೆರೆದು ತೆಗೆದರೆ ಕೆಳಗೆ ಕನ್ನಡಿ. ಮೊದಲ ಎರಡು ಅರ್ಧಂಬರ್ಧ ಬಂದವು, ಅಚ್ಚು ತಣ್ಣಗಿತ್ತು. ಅಚ್ಚನ್ನು ಸ್ವಲ್ಪ ಬಿಸಿ ಮಾಡಿಕೊಂಡು ಮೂರನೆಯದನ್ನು ಹೊಯ್ದೆ. ಅಚ್ಚು ಬಿಡಿಸಿ ನೋಡಿದರೆ ಗುಂಡಗೆ, ನುಣ್ಣಗೆ, ಗಾಳದ ಕುತ್ತಿಗೆ ಹಿಡಿದು ಕೂತಿದೆ! ಆ ಪ್ರಾಯದಲ್ಲಿ ನಾನು ಒಬ್ಬನೇ ಕುಣಿದದ್ದು ಹಿತ್ತಿಲ ಬಾಳೆಗಿಡಗಳಿಗೆ ಮಾತ್ರ ಗೊತ್ತು. ಒಟ್ಟು ಒಂಬತ್ತು ಮಾಡಿದೆ. ಸೌಟನ್ನು ಆರಲೆಂದು ಕಲ್ಲಿನ ಮೇಲಿಟ್ಟು, ಉಳಿದದ್ದನ್ನೆಲ್ಲ ಶೆಡ್ಡಿಗೆ ಸೇರಿಸಿ, ಸಂಜೆಯ ತನಕ ಸಮಯ ಉಂಟಲ್ಲ ಎಂದು ಸಾವಕಾಶ ಸ್ನಾನಕ್ಕೆ ಹೋದೆ.

ಬಚ್ಚಲಿನಿಂದ ಬರುವಾಗ ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ ಮನೆಯಿಡೀ ತುಂಬಿತ್ತು. ಅವರು ಬೇಗ ಬಂದಿದ್ದರು. ಹಸಿವು ತಡೆಯದೆ ಮಗಳು ಆಗಲೇ ಊಟಕ್ಕೆ ಕೂತು, ಬೆಳಿಗ್ಗೆಯೇ ಬೇಯಿಸಿಟ್ಟಿದ್ದ ಹುರುಳಿ ಸಾರನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದಳು.

"ಸೌಟು ಹೊರಗೆ ಕೊಂಡು ಹೋದದ್ದು ಎಂತಕ್ಕೆ?" ಹೆಂಡತಿ ಕೇಳಿದಳು. "ಕರ್ರಗಾಗಿತ್ತು. ಹುಣಸೆಹುಳಿ ಹಾಕಿ ತಿಕ್ಕಿ ಸಾಕಾಯ್ತು."

ಕಿರುಚಬೇಕಿತ್ತು. ಮಗಳ ಬಟ್ಟಲನ್ನು ಕಿತ್ತು ಬಿಸಾಡಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಇರುವೆ ಗೂಡಿಗೆ ಬಿಸಿನೀರು ಹೊಯ್ಯಲಿಕ್ಕೆ" ಎಂಬ ಮಾತು. ಹೆಂಡತಿ ನನ್ನ ಅನ್ನಕ್ಕೆ ಸಾರು ಹಾಕಲು ಬಂದಾಗ ಬಟ್ಟಲಿಗೆ ಕೈ ಅಡ್ಡ ಹಿಡಿದೆ. "ನನಗೆ ಬೇಡ. ಹುಳಿತೇಗು ಬರ್ತಾ ಉಂಟು. ಮಜ್ಜಿಗೆ ಸಾಕು."

ಥೂ ನನ್ನ ಜನ್ಮಕ್ಕೆ! ಈಗಲೂ ಆ ಅಡ್ಡ ಹಿಡಿದ ಕೈ ನೆನಪಾದರೆ ಇದ್ದಲ್ಲಿಯೇ ಕುಗ್ಗಿಹೋಗುತ್ತೇನೆ. ಸೀಸ ವಿಷ ಎಂದು ನಂಬಿದ್ದೆನಲ್ಲ, ಆ ನಂಬಿಕೆಯನ್ನು ನನ್ನ ಹೊಟ್ಟೆಗೆ ಮಾತ್ರ ಉಪಯೋಗಿಸಿಕೊಂಡೆ.

ಮರುದಿನ ಹೊಸ ಸೌಟು ತಂದೆ. ಅದು ಕಾರಿನ ಡಿಕ್ಕಿಯಲ್ಲಿಯೇ ಉಳಿಯಿತು. ಹಳೆಯದನ್ನು ಮೊಳೆಯಿಂದ ತೆಗೆದರೆ ಹೆಂಡತಿ ಕೇಳುತ್ತಾಳೆ, ಕೇಳಿದರೆ ಹೇಳಬೇಕಾಗುತ್ತದೆ. ಬೆಳಿಗ್ಗೆ ಹೇಳುವ ಎಂದುಕೊಳ್ಳುತ್ತಿದ್ದೆ, ಮಧ್ಯಾಹ್ನ ಸಂಜೆಗೆ ಹೇಳುವ ಎನ್ನುತ್ತಿದ್ದೆ. ತಿಕ್ಕಿ ತೊಳೆದಿದ್ದಾಳಲ್ಲ, ಎಂತ ಆಗುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಊಟಕ್ಕೆ ಕೂತಾಗ ಪಲ್ಯ ಬೇಡ, ಚಟ್ನಿ ಬೇಡ, ಸಾರು ಬೇಡ. ಗುರುವಾರ ಹೀಗೆಯೇ, ಶುಕ್ರವಾರ, ಶನಿವಾರವೂ ಹೀಗೆಯೇ. ಅವರಿಬ್ಬರಿಗೆ ನನ್ನದೇ ಚಿಂತೆ. ಹೆಂಡತಿ ಗಂಜಿ ಮಾಡಿ ಕೊಟ್ಟಳು. ಮಗಳು ಆ ಹೊಟ್ಟೆ ಹೊತ್ತುಕೊಂಡು ಎದ್ದು, ನನಗೆಂದು ಒಗ್ಗರಣೆ ಹಾಕದ ಚಟ್ನಿ ಬೇರೆ ತೆಗೆದಿಡುತ್ತಿದ್ದಳು. ನಾನು ಅದನ್ನು ನೆಕ್ಕಿಕೊಂಡು ತಿನ್ನುತ್ತಿದ್ದೆ.

ಭಾನುವಾರ ಪಣಂಬೂರಿಗೆ ಹೋದೆ. ಹೋಗದಿದ್ದರೆ ಮನೆಯಲ್ಲಿ ಅನುಮಾನ ಬರುತ್ತದೆ ಎಂಬುದು ನೆಪ. ನಿಜ ಹೇಳಬೇಕೆಂದರೆ ಆಸೆ. ನಾನೇ ಹೊಯ್ದ ಜಿಗ್ ಹೆಡ್ಡಿಗೆ ಎರಡು ಕಿಲೋ ತೂಗುವ ಮುರು ಬಿತ್ತು. ಹಿರಿಯರು ಬೆನ್ನು ತಟ್ಟಿ, "ಬೇರೆ ಸೌಟು ಮಾಡಿದ್ರಿ ಅಲ್ವಾ?" ಎಂದು ಕೇಳಿದರು. "ಹೌದು, ಮಾಡದೆ ಮತ್ತೆ?" ಎಂದೆ. ಅವರ ಮುಖ ನೋಡದೆ ಮೀನನ್ನು ಚೀಲಕ್ಕೆ ಹಾಕಿ ಹೊರಟೆ.

ಮೀನಿನ ಬಾಯಿಯಿಂದ ಗಾಳ ಬಿಡಿಸಿದ್ದು ಹೆಂಡತಿ. "ಮೊದಲಿನದ್ದರ ಹಾಗೆ ಇದಕ್ಕೆ ಪೈಂಟ್ ಇಲ್ಲ ಅಲ್ವಾ?" ಎಂದಳು. "ಅಂಗಡಿಯದ್ದು, ಹೊಸ ಬಗೆ" ಎಂದೆ. ಅವಳು ತೊಳೆದು ಕಿಟಕಿಯ ದಂಡೆಯ ಮೇಲಿಟ್ಟಳು. ತೆಂಗಿನಕಾಯಿ ಅರೆದು ಗಸಿ ಮಾಡಿ, ಈರುಳ್ಳಿ ಒಗ್ಗರಣೆ ಕೊಟ್ಟು ತಂದಿಟ್ಟಳು. ನಾನು ಎಂದಿನ ಹಾಗೆ ಬಟ್ಟಲಿಗೆ ಕೈ ಅಡ್ಡ ಹಿಡಿದೆ.

ಬಡಿಸುವ ಕೈ ಅಲ್ಲಿಯೇ ನಿಂತಿತು. "ಜ್ವರದಲ್ಲೂ ಮೀನು ಬಿಟ್ಟವರಲ್ಲ ನೀವು. ನೀವೇ ಹಿಡಿದ ಮುರು ಬೇಡವಾ?" ಅವಳು ಒಳಗೆ ಹೋದಳು. ಬಂದವಳ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಆ ಜಿಗ್ ಹೆಡ್. ಸೌಟಿನ ಹಿಡಿ ಸೇರುವ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಒಂದು ಬೂದು ಹನಿ ಇತ್ತು. ಅದರ ಪಕ್ಕಕ್ಕೆ ಜಿಗ್ ಹೆಡ್ಡನ್ನು ಹಿಡಿದಳು. ಎರಡೂ ಒಂದೇ ಬಣ್ಣ.

"ಅದಕ್ಕಾ ನಿಮಗೆ ಬುಧವಾರದಿಂದ ಹುಳಿತೇಗು?"

ಮಗಳು ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ವಾಪಸು ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. "ಪಪ್ಪಾ, ನಾನು ನಿಮಗೆ ಚಟ್ನಿ ಬೇರೆ ತೆಗೆದಿಡ್ತಾ ಇದ್ದೆ ಅಲ್ವಾ" ಎಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮೂವರೂ ಡಾಕ್ಟರಮ್ಮನ ಎದುರು ಕೂತಿದ್ದೆವು. ಅವರು ಎಲ್ಲ ಕೇಳಿ, ರಕ್ತಪರೀಕ್ಷೆಗೆ ಬರೆಯುತ್ತ, "ಮನೆಯಲ್ಲಿ ಯಾರೆಲ್ಲ ತಿಂದಿದ್ದೀರಿ? ಎಲ್ಲರೂ ಪರೀಕ್ಷೆ ಮಾಡಿಸಿ" ಎಂದರು.

"ನಾನು ಮತ್ತೆ ಮಗಳು" ಎಂದಳು ಹೆಂಡತಿ. "ಇವರು ತಿನ್ನಲಿಲ್ಲ. ಇವರಿಗೆ ಗೊತ್ತಿತ್ತು."

ಡಾಕ್ಟರಮ್ಮ ಪೆನ್ನು ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದರು, ಮತ್ತೆ ಬರೆದರು.

ವರದಿ ಬರುವ ತನಕ ನಾನು ಕೂಡ ದೇವರಿಗೆ ಹರಕೆ ಹೇಳಿಕೊಂಡೆ, ನಾಚಿಕೆಯಿಲ್ಲದೆ. ಭಯಪಡುವಂಥದ್ದಿಲ್ಲ ಎಂದು ಬಂತು. ಎರಡು ತಿಂಗಳಿಗೆ ಹೆಣ್ಣು ಮಗು, ಸುಖಪ್ರಸವ. ಈಗ ಆ ಮಗು ನನ್ನ ಕನ್ನಡಕ ಕಿತ್ತು ಓಡುತ್ತದೆ, ಚೂಟಿ. ಅಚ್ಚು, ಸೀಸ ಎಲ್ಲವನ್ನೂ ಹಿರಿಯರಿಗೆ ಕೊಟ್ಟುಬಿಟ್ಟೆ. ಕೊಡುವಾಗ ನಡೆದದ್ದನ್ನೂ ಹೇಳಿದೆ. ಅವರು ಡಬ್ಬಿ ತೆಗೆದುಕೊಂಡು ತಮ್ಮ ಕಲ್ಲಿನ ಕಡೆ ನಡೆದರು.

ಮನೆಯಲ್ಲಿ ಯಾರೂ ಆ ಸುದ್ದಿ ಎತ್ತಿಲ್ಲ. ಜಗಳವಿಲ್ಲ, ಕೊಂಕು ಮಾತಿಲ್ಲ. ಬದಲಾದದ್ದು ಒಂದೇ. ಆಸ್ಪತ್ರೆಗೆ ಹೋಗಿ ಬಂದ ಮರುವಾರದಿಂದ ಹೆಂಡತಿ ನನಗೆ ಮೊದಲು ಬಡಿಸತೊಡಗಿದಳು. ಅನ್ನ ಹಾಕುತ್ತಾಳೆ, ಸಾರು ಹಾಕುತ್ತಾಳೆ, ಪಲ್ಯ ಹಾಕುತ್ತಾಳೆ, ಪಕ್ಕದಲ್ಲಿ ನಿಲ್ಲುತ್ತಾಳೆ. ನಾನು ಒಂದೊಂದನ್ನೂ ಬಾಯಿಗಿಟ್ಟು ನುಂಗಿದ ಮೇಲೆ ತಾನು ಬಡಿಸಿಕೊಳ್ಳುತ್ತಾಳೆ, ಮಗಳು ಮನೆಯಲ್ಲಿದ್ದರೆ ಅವಳಿಗೂ ಬಡಿಸುತ್ತಾಳೆ.

ಮಗುವಿನ ನಾಮಕರಣದ ದಿನ ನನ್ನ ಚಿಕ್ಕಮ್ಮ ಇದನ್ನು ನೋಡಿದರು. ಮನೆ ತುಂಬ ನೆಂಟರು. "ನೋಡಿ ಎಲ್ಲರೂ" ಎಂದು ಕೂಗಿ ಹೇಳಿದರು, "ಈಗಿನ ಕಾಲದಲ್ಲಿ ಗಂಡನಿಗೆ ಮೊದಲು ಬಡಿಸಿ ಕಾಯುವವರು ಯಾರುಂಟು? ಪುಣ್ಯ ಮಾಡಿದ್ದೀ ಮಾರಾಯ!"

"ಹೌದು ಮಾಮಿ" ಎಂದಳು ಹೆಂಡತಿ, ನನ್ನ ಕೈಯನ್ನೇ ನೋಡುತ್ತ. "ಇವರು ತಿನ್ನದೆ ನಾವು ಯಾರೂ ತಿನ್ನುವುದಿಲ್ಲ."

ಚಿಕ್ಕಮ್ಮ ಕಣ್ಣೊರೆಸಿಕೊಂಡರು. ನಾನು ಸಾರು ಕಲಸಿ ಮೊದಲ ತುತ್ತು ನುಂಗಿದೆ. ಬಾಣಂತಿ ಮಗಳು ಎದುರಿಗೆ ಖಾಲಿ ಬಟ್ಟಲು ಇಟ್ಟುಕೊಂಡು ಕಾಯುತ್ತಿದ್ದಳು.