ಹಂಪಮ್ಮ ಟೀಚರ್ ಹೇಳಿದ ಮಾತು

ಹಂಪಮ್ಮ ಟೀಚರಿಗೆ ದೂರದ ಓಟದ ಹುಚ್ಚು ಹತ್ತಿದ್ದು ಎಂಬತ್ನಾಲ್ಕನೇ ಇಸವಿಯಲ್ಲಿ. ಆಗ ಅವರಿಗೆ ಇಪ್ಪತ್ತು ವರ್ಷ, ಬಳ್ಳಾರಿಯಲ್ಲಿ ಪಿ.ಟಿ. ಟೀಚರ್ ತರಬೇತಿಗೆ ಸೇರಿದ್ದರು. ಆ ಆಗಸ್ಟ್ ತಿಂಗಳಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊಟ್ಟಮೊದಲ ಸಲ ಮ್ಯಾರಥಾನ್ ಓಡಿದರು. ನಲವತ್ತೆರಡು ಕಿಲೋಮೀಟರ್. ಬಳ್ಳಾರಿಯಿಂದ ಹೊರಟರೆ ಕುರುಗೋಡು ದಾಟಿ ಇನ್ನೂ ಎಷ್ಟೋ ದೂರ ಹೋಗಬೇಕು, ಅಷ್ಟು ದಾರಿ. ಪೇಪರಿನಲ್ಲಿ ಎರಡು ಫೋಟೊ ಬಂದಿದ್ದವು. ಒಂದರಲ್ಲಿ ಗೆದ್ದವಳು ಒಬ್ಬಳೇ ಸ್ಟೇಡಿಯಮ್ಮಿನೊಳಗೆ ಬರುತ್ತಿದ್ದಳು. ಇನ್ನೊಂದರಲ್ಲಿ ಬೇರೊಬ್ಬಳು ಬಿಸಿಲಿಗೆ ಸೋತು, ಮೈಯೆಲ್ಲ ಒಂದು ಕಡೆ ವಾಲಿ, ಬೀಳುವ ಹಾಗೆ ಕಾಲೆಳೆಯುತ್ತಿದ್ದಳು. ತರಬೇತಿಯ ಮಾಸ್ತರು ಆ ಎರಡನೆಯ ಫೋಟೊ ಮೇಲೆ ಬೆರಳಿಟ್ಟು, "ಇದಕ್ಕ ನೋಡ್ರಿ ಹೆಂಗಸರಿಗೆ ಇದು ಬ್ಯಾಡ ಅನ್ನೋದು" ಎಂದರು. ಹಂಪಮ್ಮ ಎರಡನ್ನೂ ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡರು. ವಾಲಿಕೊಂಡು ಬಂದವಳೂ ಗೆರೆ ಮುಟ್ಟಿಯೇ ಕೂತಳು ಎಂಬುದನ್ನು ಮಾಸ್ತರು ಹೇಳಿರಲಿಲ್ಲ, ಪೇಪರಿನಲ್ಲಿ ಇತ್ತು.

ಆಮೇಲೆ ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದರು. ಇಪ್ಪತ್ತೆಂಟನೇ ಇಸವಿಯ ಒಲಿಂಪಿಕ್ಸ್‌ನಲ್ಲಿ ಎಂಟುನೂರು ಮೀಟರ್ ಓಡಿದ ಹೆಂಗಸರು ಕುಸಿದು ಬಿದ್ದರು ಎಂದು ಪೇಪರಿನವರು ಇದ್ದದ್ದಕ್ಕೆ ನಾಲ್ಕು ಸೇರಿಸಿ ಬರೆದರಂತೆ. ಅಷ್ಟಕ್ಕೇ ಮೂವತ್ತೆರಡು ವರ್ಷ ಇನ್ನೂರು ಮೀಟರಿಗಿಂತ ಹೆಚ್ಚಿನ ಓಟವನ್ನು ಹೆಂಗಸರಿಗೆ ಕೊಡಲೇ ಇಲ್ಲ. ಅರವತ್ತೇಳರಲ್ಲಿ ಬಾಸ್ಟನ್ ಊರಿನಲ್ಲಿ ಒಬ್ಬಳು ಗಂಡಸರ ನಡುವೆ ಓಡುತ್ತಿದ್ದಾಗ ಅಧಿಕಾರಿಯೊಬ್ಬ ಬೆನ್ನು ಹತ್ತಿ, ಅವಳ ನಂಬರಿನ ಬಟ್ಟೆಗೆ ಕೈ ಹಾಕಿ ಎಳೆದ. ಓದಿದ ಡಾಕ್ಟರುಗಳೇ ದೂರ ಓಡಿದರೆ ಗರ್ಭಕೋಶ ಜಾರುತ್ತದೆ ಎಂದು ಹೇಳಿಕೊಂಡು ತಿರುಗಿದ್ದರು. ಅದು ಸುಳ್ಳು ಎಂದು ತಿಳಿಯಲು ಅಷ್ಟು ವರ್ಷ ಬೇಕಾಯಿತು.

ಇದೆಲ್ಲ ಹಂಪಮ್ಮನಿಗೆ ಇಪ್ಪತ್ತನೇ ವಯಸ್ಸಿಗೇ ಗೊತ್ತಿತ್ತು. ಮುಂದೆ ನಡೆದದ್ದನ್ನು ಕೇಳುವಾಗ ಇದನ್ನು ಮರೆಯಬಾರದು.

ತೊಂಬತ್ಮೂರರಲ್ಲಿ ಅವರು ಕುರುಗೋಡಿನ ಹೈಸ್ಕೂಲೊಂದರಲ್ಲಿ ಕೆಲಸಕ್ಕಿದ್ದರು. ಹತ್ತನೇ ಕ್ಲಾಸಿನಲ್ಲಿ ಎಲ್ಲಮ್ಮ ಅಂತ ಒಬ್ಬ ಹುಡುಗಿ, ಹಮಾಲಿ ಹುಲುಗಪ್ಪನ ಮಗಳು. ಬೇರೆ ಹುಡುಗಿಯರು ಎರಡು ಸುತ್ತಿಗೆ ಸೊಂಟ ಹಿಡಿದು ನಿಲ್ಲುವಾಗ ಇವಳು ಐದನೇ ಸುತ್ತಿನಲ್ಲೂ ಬಾಯಿ ಮುಚ್ಚಿಕೊಂಡೇ ಉಸಿರಾಡುತ್ತಿದ್ದಳು. ಚಪ್ಪಲಿ ಇಲ್ಲ, ಬೂಟು ಇಲ್ಲ. ಜಿಲ್ಲೆಯ ಗುಡ್ಡಗಾಡು ಓಟದಲ್ಲಿ ಎರಡನೆಯವಳಿಗೆ ಇವಳ ಬೆನ್ನೂ ಕಾಣದಷ್ಟು ಮುಂದೆ ಬಂದಳು. ಧಾರವಾಡದಲ್ಲಿ ರಾಜ್ಯ ಮಟ್ಟದ್ದು ಇತ್ತು. ಅಲ್ಲಿ ಮೊದಲ ಆರರೊಳಗೆ ಬಂದರೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಊಟ, ಓದು.

ಹುಡುಗಿ ಹೋಗಬೇಕೆಂದರೆ ಜೊತೆಗೆ ಹಂಪಮ್ಮ ಹೋಗಬೇಕು. ಮೂರು ದಿನದ ಮಾತು. ಅವರ ಮಗಳಿಗೆ ಆಗ ಎಂಟು ತಿಂಗಳು, ಜ್ವರ ಬಂದು ಹೋಗಿ ಮಾಡುತ್ತಿತ್ತು. ಗಂಡ ವೆಂಕಣ್ಣ ಲೈನ್‌ಮನ್, ಕರೆದಾಗ ಕಂಬ ಹತ್ತಲು ಓಡಬೇಕು. ಹೋಗಲಾಗುವುದಿಲ್ಲ ಎಂದರೆ ಹೆಡ್‌ಮಾಸ್ತರು, "ಹೆರಿಗೆ ರಜ ಮುಗಿದ ಮ್ಯಾಲೂ ನಿಮ್ಮದು ರಜನ ಆತಲ್ಲ" ಎಂದು ಎಲ್ಲರೆದುರು ಅನ್ನುವವರು. ಏನು ಮಾಡುವುದೆಂದು ತಿಳಿಯದೆ ಕೂತಿದ್ದಾಗ ಹುಲುಗಪ್ಪ ಸ್ಕೂಲಿಗೆ ಬಂದ. ತಲೆಗೆ ಸುತ್ತಿದ ವಲ್ಲಿಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹೊರಗೇ ನಿಂತ.

"ಟೀಚರಮ್ಮ, ಓಣ್ಯಾಗ ಮಂದಿ ಅಂತಾರ್ರಿ, ಹೆಣ್ಣುಡುಗಿ ಇಷ್ಟು ಓಡಿದ್ರ ಗರ್ಭಚೀಲ ಜಾರತೈತಿ ಅಂತ. ನನಗೇನ್ ತಿಳೀತೈತ್ರಿ. ನೀವು ಓದಿದವ್ರು. ನೀವು ಏನೂ ಆಗಂಗಿಲ್ಲ ಅಂದ್ರ ಕಳಸ್ತೀನಿ."

ಒಂದೇ ಒಂದು ಮಾತು ಸಾಕಾಗಿತ್ತು. ಅವನು ಅದನ್ನು ಕೇಳಲಿಕ್ಕೆಂದೇ ಬಂದಿದ್ದ. ಹಂಪಮ್ಮ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ನೋಡುತ್ತ ಹೇಳಿದರು:

"ಆಗಬಹುದು ಹುಲುಗಪ್ಪ. ಆಗಂಗಿಲ್ಲ ಅಂತ ನಾ ಹೆಂಗ ಹೇಳಲಿ. ಮುಂದ ಲಗ್ನ ಆಗೋ ಹುಡುಗಿ."

ಅವನು ಕೈ ಮುಗಿದು ಹೋದ. ಮನೆಯವರು ಒಪ್ಪಲಿಲ್ಲ ಎಂದು ಹಂಪಮ್ಮ ಹೆಡ್‌ಮಾಸ್ತರಿಗೆ ಬರೆದುಕೊಟ್ಟರು. ಮರುದಿನದಿಂದ ಎಲ್ಲಮ್ಮ ಮೈದಾನಕ್ಕೆ ಬರಲಿಲ್ಲ. ಕ್ಲಾಸಿನಲ್ಲಿ ಎದುರಾದರೆ "ನಮಸ್ತೆ ಟೀಚರ್" ಅನ್ನುತ್ತಿದ್ದಳು. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಸಿರುಗುಪ್ಪ ಕಡೆ ರಾರಾವಿಗೆ ಲಗ್ನ ಮಾಡಿ ಕೊಟ್ಟರು ಎಂದು ಯಾರೋ ಹೇಳಿದರು.

ಆಮೇಲೆ ಹಂಪಮ್ಮ ಎಷ್ಟೋ ಹುಡುಗಿಯರನ್ನು ಓಡಿಸಿದರು. ಅವರ ಕೈಯಲ್ಲಿ ಕಲಿತ ಒಬ್ಬಳು ಪೊಲೀಸ್ ಆದಳು, ಇನ್ನೊಬ್ಬಳು ರೈಲ್ವೆ ಸೇರಿದಳು. ಆ ಮಾತನ್ನು ಮತ್ತೆ ಯಾರಿಗೂ ಹೇಳಲಿಲ್ಲ. ಹೇಳಲಿಲ್ಲ ಮಾತ್ರವಲ್ಲ, ಬೇರೆ ಯಾರಾದರೂ ಹೇಳಿದರೆ ಜಗಳಕ್ಕೆ ನಿಲ್ಲುತ್ತಿದ್ದರು. ಮುಂದೆ ವರ್ಗವಾಗಿ ಹತ್ತು ವರ್ಷ ಸಿರುಗುಪ್ಪದಲ್ಲೇ ಇದ್ದರೂ ರಾರಾವಿಗೆ ಒಮ್ಮೆಯೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ತಮ್ಮನ್ನು ತಾವು ಕೇಳಿಕೊಳ್ಳಲೂ ಇಲ್ಲ.

ನಿವೃತ್ತರಾಗಿ ಬಳ್ಳಾರಿಯಲ್ಲಿ ಮನೆ ಮಾಡಿದ ಮರುವರ್ಷ, ಮಾರ್ಚ್ ತಿಂಗಳಲ್ಲಿ, ಊರಿನ ಓಟದ ಗೆಳೆಯರ ಬಳಗವೊಂದು ಹೆಂಗಸರಿಗಾಗಿ ಹತ್ತು ಕಿಲೋಮೀಟರ್ ಓಟ ಇಟ್ಟಿತು. ಬೆಳಿಗ್ಗೆ ಸಂಗನಕಲ್ಲು ರಸ್ತೆಯಲ್ಲಿ ಓಟ, ಆಮೇಲೆ ಉಪ್ಪಿಟ್ಟು, ಅದರ ನಂತರ ಹಂಪಮ್ಮ ಟೀಚರಿಂದ ಭಾಷಣ. ಅವರು ಹಳೆಯ ನೋಟ್‌ಬುಕ್ಕನ್ನು ತಂದು ಎಲ್ಲ ಹೇಳಿದರು. ಆಗ ಗೆದ್ದವಳಿಗೆ ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷ ಹಿಡಿದಿತ್ತು, ಈಗ ಅದಕ್ಕಿಂತ ಹನ್ನೆರಡು ನಿಮಿಷ ಮೊದಲೇ ಮುಟ್ಟುವವರಿದ್ದಾರೆ ಎಂದರು. ಗರ್ಭಕೋಶದ ಕಥೆ ಹೇಳಿದಾಗ ಹುಡುಗಿಯರು ನಕ್ಕರು. ಹಂಪಮ್ಮನೂ ನಕ್ಕರು.

ಎಲ್ಲರೂ ಎದ್ದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದಳು. ಹೆಸರು ದುರ್ಗಾದೇವಿ, ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವವಳು. ಆ ದಿನದ ಓಟದಲ್ಲಿ ನಾಲ್ಕನೆಯವಳಾಗಿ ಬಂದಿದ್ದಳು.

"ಮೇಡಂ, ನೀವು ಹೇಳಿದ್ದು ಖರೇನ್ರಿ? ಗರ್ಭಕೋಶಕ್ಕ ಏನೂ ಆಗಂಗಿಲ್ಲೇನು?"

"ಏನೂ ಆಗಂಗಿಲ್ಲವ್ವ. ಯಾಕ?"

"ನಮ್ಮವ್ವ ಬಿಡಾಂಗಿಲ್ರಿ. ನಮ್ಮೂರಾಗ ಎಲ್ಲಮ್ಮಕ್ಕ ಅಂತ ಒಬ್ರು ಅದಾರ. ಸಾಲ್ಯಾಗ ಭಾಳ ಓಡತಿದ್ರಂತ. ಅದಕ್ಕ ಮಕ್ಕಳಾಗ್ಲಿಲ್ಲ. ಅವರ ಟೀಚರ್ ಮೊದಲ ಹೇಳಿದ್ರಂತ, ಹಿಂಗಾಗತೈತಿ ಅಂತ. ನಾ ಓಡತೀನಿ ಅಂದಾಗೆಲ್ಲ ನಮ್ಮವ್ವ ಅವರನ್ನ ತೋರಿಸ್ತಾಳ."

"ಯಾವೂರು ನಿಮ್ಮದು?"

"ರಾರಾವಿ ರಿ."

ಹಂಪಮ್ಮ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು. "ಆ ಟೀಚರ್ ಹೇಳಿದ್ದು ಸುಳ್ಳು" ಎಂದರು. ಆ ಟೀಚರ್ ಯಾರೆಂದು ಹೇಳಲು ಬಾಯಿ ಬರಲಿಲ್ಲ. ಹುಡುಗಿ ಥ್ಯಾಂಕ್ಸ್ ಹೇಳಿ ಹೋದಳು. ಅವಳು ಹಾಗೆ ಥ್ಯಾಂಕ್ಸ್ ಹೇಳಿದ್ದು ಹಂಪಮ್ಮನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು.

ಎರಡು ತಿಂಗಳು ಅದು ಅವರನ್ನು ಬಿಡಲಿಲ್ಲ. ಅನ್ನಕ್ಕೆ ಎಸರಿಟ್ಟು ಮರೆಯುತ್ತಿದ್ದರು. ಬೆಳಗಿನ ವಾಕಿಂಗ್ ನಿಂತಿತು. ಮೊಮ್ಮಗಳು ಬಂದು ಕುತ್ತಿಗೆಗೆ ಜೋತುಬಿದ್ದರೆ, ಎಲ್ಲಿಂದಲೋ ಕದ್ದು ತಂದದ್ದನ್ನು ಎತ್ತಿಕೊಂಡ ಹಾಗಾಗುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದರು. ವೆಂಕಣ್ಣ ಪೂರ್ತಿ ಕೇಳಿದರು.

"ನೀ ಹೇಳದಿದ್ರೂ ಅವರು ಕಳಸ್ತಿರಲಿಲ್ಲ ಬಿಡು. ಆಗಿನ ಕಾಲ ಹಂಗಿತ್ತು."

"ಕಳಸ್ತೀನಿ ಅಂತನ ಅಂವ ಬಂದಿದ್ದ. ಕಾಲ ಹಂಗಿತ್ತು, ಖರೆ. ನನಗ ಗೊತ್ತಿತ್ತಲ್ಲ."

ವೆಂಕಣ್ಣ ತಟ್ಟೆ ಸರಿಸಿದರು. "ಮಗೀಗೆ ಜ್ವರ ಇತ್ತು. ನಾನೂ ರಜ ಹಾಕಬಹುದಿತ್ತು. ಹಾಕಲಿಲ್ಲ" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಮರುವಾರ ಹಂಪಮ್ಮ ಒಬ್ಬರೇ ಸಿರುಗುಪ್ಪದ ಬಸ್ಸು ಹತ್ತಿದರು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ರಾರಾವಿಗೆ ಇಳಿದಾಗ ಹನ್ನೊಂದು ಗಂಟೆ. ಎಲ್ಲಮ್ಮನ ಮನೆ ಕೇಳಿದರೆ, ಅಂಗಡಿಯಲ್ಲಿ ಕೂತಿದ್ದವನು, "ಯಾವ ಎಲ್ಲಮ್ಮ? ಮಕ್ಕಳಿಲ್ಲದಾಕಿನಾ?" ಎಂದು ಸಹಜವಾಗಿ ಕೇಳಿದ.

ಎಲ್ಲಮ್ಮ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ಮೈ ಮಾತ್ರ ಹಾಗೇ ಸಪೂರ. ತಕ್ಷಣ ಗುರುತು ಹಿಡಿದಳು. "ಟೀಚರ್ರಿ" ಎಂದು ಎದ್ದು, ಕೈ ಖಾರವಾಗಿದ್ದರಿಂದ ಮುಟ್ಟದೆ, ಮೊಣಕೈಯಿಂದಲೇ ಕುರ್ಚಿ ಎಳೆದು ಹಾಕಿದಳು. ಲಗ್ನವಾಗಿ ಆರು ವರ್ಷಕ್ಕೆ ಗಂಡ ಮಾರೇಶ ಇನ್ನೊಂದು ಮಾಡಿಕೊಂಡನಂತೆ. ಆ ಎರಡನೆಯವಳಿಗೆ ಮೂವರು ಮಕ್ಕಳು. ಎಲ್ಲಮ್ಮ ಅದೇ ಅಂಗಳದ ಪಕ್ಕದ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದಳು. ನಾಟಿಯ ದಿನಗಳಲ್ಲಿ ಹದಿನೈದು ಹೆಣ್ಣಾಳುಗಳನ್ನು ಕಟ್ಟಿಕೊಂಡು ಗದ್ದೆಗೆ ಹೋಗುತ್ತಿದ್ದಳು. ಇದನ್ನೆಲ್ಲ ಬೇರೆಯವರ ಸುದ್ದಿ ಹೇಳುವವಳಂತೆ ಹೇಳಿದಳು.

ಹಂಪಮ್ಮ ನೀರು ಕುಡಿದು ಲೋಟ ಕೆಳಗಿಟ್ಟರು. "ಎಲ್ಲಮ್ಮ, ನಾ ನಿಮ್ಮಪ್ಪಗ ಹೇಳಿದ ಮಾತು ಸುಳ್ಳು. ಓಡಿದ್ರ ಏನೂ ಆಗಂಗಿಲ್ಲ. ಆವಾಗೂ ನನಗ ಗೊತ್ತಿತ್ತು. ನನಗ ಧಾರವಾಡಕ್ಕ ಬರೋದು ಬ್ಯಾಡಾಗಿತ್ತು, ಮಗೂ ಸಣ್ಣದಿತ್ತು. ಅದಕ್ಕ ಹಂಗ ಹೇಳಿದೆ."

ಎಲ್ಲಮ್ಮ ಒಂದು ಕಾಯಿಯ ತೊಟ್ಟು ತೆಗೆದಳು, ಇನ್ನೊಂದರದು ತೆಗೆದಳು.

"ನನಗ ಇಷ್ಟು ವರ್ಷ ನಿಮ್ಮ ಮ್ಯಾಲೆ ಸಿಟ್ಟಿರಲಿಲ್ರಿ ಟೀಚರ್" ಎಂದಳು. "ನನ್ನ ಮ್ಯಾಲೆ ಸಿಟ್ಟಿತ್ತು. ನೀವು ಬ್ಯಾಡ ಅಂದ ಮ್ಯಾಲೂ ನಾ ನಸಿಕಿನ್ಯಾಗ ಎದ್ದು ಗುಡ್ಡದ ಸುತ್ತ ಓಡತಿದ್ದೆ. ಯಾರಿಗೂ ಹೇಳಿರಲಿಲ್ಲ. ಲಗ್ನದ ಹಿಂದಿನ ವಾರದ ತನಕ ಓಡೀನಿ. ಮಕ್ಕಳಾಗದಾಗ, ನಾನ ಕೈಯಾರೆ ಕೆಡಿಸಿಕೊಂಡೆ ಅಂತ ತಿಳಿದಿದ್ದೆ. ಬಳ್ಳಾರಿ ಡಾಕ್ಟರ್ ಹತ್ರ ಒಮ್ಮೆ ಹೋದ್ವಿ. ಅವರು ನನಗೇನೂ ದೋಷ ಕಾಣಂಗಿಲ್ಲ ಅಂದ್ರು. ನಾ ನಂಬಲಿಲ್ಲ."

ತಪ್ಪಾಯಿತು ಎಂದು ಹಂಪಮ್ಮನ ಬಾಯಿಗೆ ಬಂದ ಮಾತು, ಅವಳ ಮುಖ ನೋಡಿ ಅಲ್ಲೇ ನಿಂತಿತು. ಕಳೆದುಹೋದ ಮೂವತ್ತು ವರ್ಷದ ಎದುರು ಆ ಮಾತು ಎಷ್ಟು ಸಣ್ಣದು ಅನ್ನಿಸಿತು.

"ಒಂದು ಕೆಲಸ ಮಾಡ್ರಿ" ಎಂದಳು ಎಲ್ಲಮ್ಮ. "ನನಗ ಹೇಳಿದ್ದನ್ನ ನಮ್ಮತ್ತಿಗೆ ಹೇಳ್ರಿ."

ಅತ್ತೆ ಜೋಗಮ್ಮ ಎದುರಿನ ಪಡಸಾಲೆಯಲ್ಲಿ ಕೂತಿದ್ದಳು. ಎಂಬತ್ತರ ಮುದುಕಿ, ಕಿವಿ ಬಹಳ ಮಂದ. ಹಂಪಮ್ಮ ಹತ್ತಿರ ಕೂತು ಮೆತ್ತಗೆ ಶುರು ಮಾಡಿದರು. ಮುದುಕಿ "ಏನಂತೀ?" ಎಂದಳು. ಇನ್ನಷ್ಟು ಜೋರಾಗಿ ಹೇಳಿದರು. "ಕೇಳವಲ್ದು, ಒದರಿ ಹೇಳು" ಎಂದಳು. ಮೈದಾನದಲ್ಲಿ ಮೂವತ್ತೈದು ವರ್ಷ ಕೂಗಿ ಪಳಗಿದ ಗಂಟಲು ಅದು. ಹಂಪಮ್ಮ ಕೂಗಿಯೇ ಹೇಳಬೇಕಾಯಿತು:

"ಎಲ್ಲಮ್ಮನ ಟೀಚರ್ ನಾನು. ಓಡಿದ್ರ ಮಕ್ಕಳಾಗಂಗಿಲ್ಲ ಅಂತ ಹೇಳಿದಾಕಿ ನಾನ. ನಾ ಹೇಳಿದ್ದು ಸುಳ್ಳು. ಗೊತ್ತಿದ್ದೂ ಹೇಳಿದೆ."

ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಬೀದಿಯಲ್ಲಿ ಕೊಡ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತರು. ಮಾರೇಶನ ಎರಡನೇ ಹೆಂಡತಿ ಒಳಗಿನಿಂದ ಇಣುಕಿ ನೋಡಿ ತಲೆ ತಗ್ಗಿಸಿದಳು. ಜೋಗಮ್ಮ ಹಂಪಮ್ಮನ ಕಡೆ ತಿರುಗಿದಳು.

"ಆವಾಗ ಹೇಳಿದಾಕಿನೂ ನೀನ, ಈಗ ಹೇಳಾಕಿನೂ ನೀನ. ನಾ ಯಾವುದು ನಂಬಲವ್ವ?"

ಹಂಪಮ್ಮ ಚೀಲ ಎತ್ತಿಕೊಂಡು ಎದ್ದರು.

ಎಲ್ಲಮ್ಮ ಬಸ್ಸಿನ ತನಕ ಜೊತೆಗೆ ಬಂದಳು. ಬಸ್ಸು ದೂರದಲ್ಲಿ ಕಂಡಾಗ ಅವಳು ಕೇಳಿದಳು.

"ಮೂರು ಸಾವಿರ ಮೀಟರಿಗೆ ನನ್ನ ಟೈಮ್ ಎಷ್ಟಿತ್ರಿ ಆವಾಗ? ನೀವು ಯಾವತ್ತೂ ಹೇಳಲಿಲ್ಲ. ಇನ್ನಾ ಓಡು, ಇನ್ನಾ ಓಡು ಅಂತಿದ್ರಿ ಅಷ್ಟ."

"ಹನ್ನೊಂದು ನಿಮಿಷ ಎಂಟು ಸೆಕೆಂಡ್."

"ಅದು ಚಲೋ ಟೈಮೇನ್ರಿ?"

"ಆಮೇಲೆ ನಾ ಓಡಿಸಿದ ಯಾವ ಹುಡುಗಿನೂ ನಿನ್ನಷ್ಟು ಓಡಲಿಲ್ಲ."

ಎಲ್ಲಮ್ಮ ಮುಖ ಆಚೆ ತಿರುಗಿಸಿದಳು. "ಇದನ್ನ ಹೇಳಬಾರದಿತ್ರಿ ನೀವು" ಎಂದಳು. ಬಸ್ಸು ಬಂದು ನಿಂತಿತು. ಹೋಗಿ ಬರ್ರಿ ಎಂದೂ ಅನ್ನಲಿಲ್ಲ.

ಈಗ ಹಂಪಮ್ಮನನ್ನು ಸ್ಕೂಲುಗಳಿಗೆ ಮಾತಾಡಲು ಕರೆಯುತ್ತಾರೆ. ಇಪ್ಪತ್ತೆಂಟರ ಓಟ, ಬಾಸ್ಟನ್ನಿನ ಅಧಿಕಾರಿ, ಎಂಬತ್ನಾಲ್ಕರ ಸ್ಟೇಡಿಯಂ ಎಲ್ಲ ಹೇಳಿ, ಆ ಸಾಲಿನಲ್ಲೇ ಕುರುಗೋಡಿನ ಒಬ್ಬ ಟೀಚರಿನ ಕಥೆಯನ್ನೂ ಹೇಳುತ್ತಾರೆ. ಆ ಟೀಚರ್ ನಾನೇ ಎಂದಾಗ ಹುಡುಗಿಯರ ನಗು ನಿಲ್ಲುತ್ತದೆ. ಸಿರುಗುಪ್ಪದ ಒಂದು ಕಡೆ ಹೆಡ್‌ಮೇಡಂ, "ಮಕ್ಕಳ ಮುಂದೆ ಇದೆಲ್ಲ ಯಾಕ್ರಿ" ಎಂದು ಬೇಸರ ಮಾಡಿಕೊಂಡರು, ಮತ್ತೆ ಕರೆಯಲಿಲ್ಲ. ಹೇಳಿದ್ದರಿಂದ ಮನಸ್ಸು ಹಗುರವಾಗುತ್ತದೆ ಎಂದು ಅವರು ಅಂದುಕೊಂಡಿದ್ದರು, ಆಗಿಲ್ಲ. ಆದರೂ ಬಿಟ್ಟಿಲ್ಲ.

ದುರ್ಗಾದೇವಿ ಈಗ ಭಾನುವಾರ ಬೆಳಿಗ್ಗೆ ಹಂಪಮ್ಮನ ಹತ್ತಿರ ಓಡಲು ಬರುತ್ತಾಳೆ, ಅವಳ ಅವ್ವ ಒಪ್ಪಿದ್ದಾಳೆ. ಊರಿನ ಸುದ್ದಿ ಅವಳ ಬಾಯಿಂದಲೇ ಬರಬೇಕು. ಎಲ್ಲಮ್ಮ ಟೀಚರ್ ಬಗ್ಗೆ ಏನೂ ಕೇಳುವುದಿಲ್ಲವಂತೆ. ಜೋಗಮ್ಮ ಮನೆಗೆ ಬಂದವರಿಗೆ ಈಗಲೂ, "ನಮ್ಮ ದೊಡ್ಡ ಸೊಸಿ ಸಾಲ್ಯಾಗ ಓಡಿ ಕೆಡಿಸಿಕೊಂಡ್ಳು" ಎಂದೇ ಶುರು ಮಾಡುತ್ತಾಳಂತೆ. ಮೊದಲೆಲ್ಲ ಆ ಮಾತು ಕೇಳಿದೊಡನೆ ಎಲ್ಲಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಈಗ ಮೆಣಸಿನಕಾಯಿ ರಾಶಿ ಮುಂದಿಟ್ಟುಕೊಂಡು ಕೂತಲ್ಲಿಂದಲೇ, ಬಂದವರಿಗೆ ಕೇಳುವಷ್ಟು ಗಟ್ಟಿಯಾಗಿ, "ಅದು ಸುಳ್ಳು" ಎನ್ನುತ್ತಾಳಂತೆ.