ಪುಟ್ಟಸ್ವಾಮಿಗೆ ಉಳಿದ ಸಾಲು

ಮೈಸೂರಿನ ಪುಟ್ಟಸ್ವಾಮಿ ಗಿಟಾರ್ ಹಿಡಿದದ್ದು ಕೆಲಸವಿಲ್ಲದೆ ಮನೆಯಲ್ಲಿ ಕೂತ ಕಾಲದಲ್ಲಿ. ಹೆಂಡತಿ ಪದ್ಮಿನಿ ಡಾಕ್ಟರು. ಅವಳಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತೆಂದು ಅವನೂ ಹೊರಟು ಬಂದ. ಊರಲ್ಲಿ ಕಾರ್ಖಾನೆಯ ಇಂಜಿನಿಯರಾಗಿದ್ದವನನ್ನು ಇಲ್ಲಿ ಯಾರೂ ಮೂಸಿ ನೋಡಲಿಲ್ಲ. ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ ಎಂದು ಕೇಳಿದವರೇ ಎಲ್ಲ. ಕೆಲಸ ಕೊಡದೆ ಎಕ್ಸ್‌ಪೀರಿಯನ್ಸ್ ಎಲ್ಲಿಂದ ಬರಬೇಕು, ಆಕಾಶದಿಂದ ಉದುರುತ್ತದೆಯೇ? ಪಕ್ಕದ ಮನೆಯಲ್ಲಿ ಬಂದರಿನಲ್ಲಿ ದುಡಿದು ಸುಸ್ತಾದ ಮುದುಕನೊಬ್ಬನಿದ್ದ, ಅವನಿಗೆ ಬ್ಲೂಸ್ ಎಂಬ ಸಂಗೀತದ ಹುಚ್ಚು. ಹೊಟ್ಟೆಯೊಳಗಿನ ಸಂಕಟವನ್ನು ಮುಚ್ಚುಮರೆಯಿಲ್ಲದೆ ಹಾಡಿಬಿಡುವ ಸಂಗೀತ ಅದು. ಮುದುಕ ಕಲಿಸಿದ, ಇವನು ಕಲಿತ. ಹಾಡು ಕಟ್ಟಿದ್ದು ಮಾತ್ರ ಕನ್ನಡದಲ್ಲಿ.

ಆಮೇಲೆ ಸಿಡ್ನಿ. ಪದ್ಮಿನಿ ವೆಸ್ಟ್‌ಮೀಡಿನ ಆಸ್ಪತ್ರೆ ಸೇರಿದಳು, ಹತ್ತಿರದ ಟೂಂಗಾಬಿಯಲ್ಲಿ ಮನೆಯಾಯಿತು, ಮಗಳು ಮಹತಿ ಹುಟ್ಟಿದಳು. ಪುಟ್ಟಸ್ವಾಮಿ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತ ತಲೆ ನರೆಸಿಕೊಂಡ. ಭಾನುವಾರ ಮಧ್ಯಾಹ್ನ ಮಾತ್ರ ಗಿಟಾರ್ ಹೆಗಲಿಗೇರಿಸಿ ಪ್ಯಾರಮಟ್ಟಾದ ಪಬ್ಬಿಗೆ ಹೋಗುತ್ತಿದ್ದ. ಕುಡುಕರ ಮುಂದೆ ಕೂತು ಅದೇನು ಹಾಡುವುದೋ ಎಂದು ಪದ್ಮಿನಿ ಮುಖ ಸಿಂಡರಿಸುತ್ತಿದ್ದಳು. ಒಂದು ದಿನವೂ ಹೋಗಿ ಕೇಳಿದವಳಲ್ಲ. ಕನ್ನಡ ಸಂಘದವರು ಒಮ್ಮೆ ವೇದಿಕೆ ಹತ್ತಿಸಿದರು. ಮೊದಲ ಹಾಡು ಮುಗಿಯುವ ಮೊದಲೇ, ಹಬ್ಬದ ದಿನ ಈ ಗೋಳು ಯಾಕೆ ಅಂಕಲ್, ಒಂದು ಸಿನಿಮಾ ಹಾಡು ಹೊಡೀರಿ ಅಂದರು. ಅವನು ತೆಪ್ಪಗೆ ಇಳಿದು ಬಂದು ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತ. ಪಾಪ, ಕೇಳುವವರಿಗೆ ಕನ್ನಡ ಬಾರದು, ಕನ್ನಡ ಬರುವವರಿಗೆ ಕೇಳುವುದು ಬೇಕಿಲ್ಲ.

ಒಬ್ಬನಿದ್ದ, ಚಿರಾಗ್ ಅಂತ, ವೆಸ್ಟ್‌ಮೀಡಿನಲ್ಲಿ ಬಾಡಿಗೆಗಿದ್ದ ಬೆಂಗಳೂರಿನ ಐಟಿ ಹುಡುಗ. ಪಬ್ಬಿನಲ್ಲಿ ಕನ್ನಡ ಕೇಳಿ ಬೆಚ್ಚಿಬಿದ್ದವನು ಪುಟ್ಟಸ್ವಾಮಿಯ ಬೆನ್ನು ಬಿಡದೆ ಎಲ್ಲ ಹಾಡು ಕಲಿತ. ಆಮೇಲೆ ಮೆಲ್ಬರ್ನಿಗೆ ಕೆಲಸ ಬದಲಾಯಿಸಿ ಅಲ್ಲೇ ಒಂದು ಬ್ಯಾಂಡ್ ಕಟ್ಟಿಕೊಂಡ.

ಕಳೆದ ಬೇಸಿಗೆಯಲ್ಲಿ, ಪಬ್ಬಿಗೆಂದು ಶೂ ಹಾಕಿಕೊಳ್ಳುತ್ತಿದ್ದ ಪುಟ್ಟಸ್ವಾಮಿ ಹಾಗೇ ಪಕ್ಕಕ್ಕೆ ವಾಲಿದ. ಪಾರ್ಶ್ವವಾಯು. ಬಲಗೈ ಹೋಯಿತು, ಅದರ ಜೊತೆ ಮಾತೂ ಹೋಯಿತು. ಕಾಫಿ ಬೇಕಾ ಎಂದರೆ ಉಹೂಂ ಅನ್ನುತ್ತಿದ್ದ, ಕೊಟ್ಟರೆ ಕುಡಿಯುತ್ತಿದ್ದ. ಹೂಂಗೂ ಉಹೂಂಗೂ ವ್ಯತ್ಯಾಸವೇ ಉಳಿದಿರಲಿಲ್ಲ. ಮಿದುಳಿನ ಸ್ಕ್ಯಾನ್ ನೋಡಿದ ಪದ್ಮಿನಿಗೆ ತಾನು ಡಾಕ್ಟರಾಗಿರಬಾರದಿತ್ತು ಅನ್ನಿಸಿತು.

ಮನೆಗೆ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್, ಮಾತು ಹೋದವರಲ್ಲಿ ಕೆಲವರಿಗೆ ಹಾಡು ಉಳಿದಿರುತ್ತದೆ, ಹಾಡಿನ ದಾರಿಯಲ್ಲಿ ಮಾತು ತರಲು ನೋಡೋಣ ಅಂದಳು. ಇವರ ಇಷ್ಟದ ಹಾಡು ಯಾವುದು ಎಂದು ಕೇಳಿದಳು. ಇಷ್ಟು ವರ್ಷ ಸಂಸಾರ ಮಾಡಿದ ಪದ್ಮಿನಿಗೆ ಒಂದೂ ಗೊತ್ತಿರಲಿಲ್ಲ. ಆಮೇಲೆ ಚಿರಾಗ್‌ಗೆ ಫೋನ್ ಮಾಡಿದಳು.

ಅವನು ವಿಡಿಯೋ ಕಳಿಸಿದ. ಅಂಕಲ್‌ದು ಬೆಸ್ಟ್ ಸಾಂಗ್ ಆಂಟಿ, ಇಲ್ಲಿ ಎಲ್ರಿಗೂ ಬಾಯಿಪಾಠ ಎಂದು ಬರೆದಿದ್ದ. ಮೆಲ್ಬರ್ನಿನ ಪಬ್ಬೊಂದರಲ್ಲಿ ಬಿಳಿಯ ಜನ ಗ್ಲಾಸೆತ್ತಿ, ಮುರುಕು ಕನ್ನಡದಲ್ಲಿ, ನಗುನಗುತ್ತ ಹಾಡುತ್ತಿದ್ದರು:

"ನಿನ್ನ ಹಿಂದೆ ಬಂದೆ ಕಣೇ, ನನ್ನ ಬದುಕೇ ಹಾಳಾಯ್ತು."

ಪದ್ಮಿನಿ ವಿಡಿಯೋ ನಿಲ್ಲಿಸಲು ಬೆರಳು ಚಾಚಿದಳು. ಆದರೆ ಕುರ್ಚಿಯಲ್ಲಿದ್ದ ಪುಟ್ಟಸ್ವಾಮಿ ತಲೆಯೆತ್ತಿ, ಆ ಸಾಲನ್ನು ಒಂದಕ್ಷರ ತೊದಲದೆ ಹಾಡಿದ. ಎಷ್ಟೋ ತಿಂಗಳಿಗೆ ಬಾಯಿಂದ ಬಂದ ಮೊದಲ ಮಾತು. ಮಹತಿ ಅಡುಗೆಮನೆಯಿಂದ ಓಡಿ ಬಂದು ಅಪ್ಪನನ್ನು ತಬ್ಬಿಕೊಂಡು ಅತ್ತಳು. ಥೆರಪಿಸ್ಟ್‌ಗೆ ಹಿಗ್ಗೋ ಹಿಗ್ಗು. ದಿನಾ ಇದೇ ಸಾಲನ್ನು ಇಬ್ಬರೂ ಕೂಡಿ ಹಾಡಿ, ಒಂದೊಂದು ಅಕ್ಷರಕ್ಕೂ ಅವರ ಎಡಗೈ ತಟ್ಟಿ, ಇದೊಂದು ಗಟ್ಟಿಯಾದರೆ ಬೇರೆ ಮಾತು ಸೇರಿಸಬಹುದು ಎಂದಳು. ಅರ್ಥವೇನು ಎಂದು ಕೇಳಿದ್ದಕ್ಕೆ ಪದ್ಮಿನಿ, ಪ್ರೀತಿಯ ಹಾಡು ಎಂದು ಸುಳ್ಳು ಹೇಳಿದಳು.

ದಿನಾ ಬೆಳಗ್ಗೆ ಗಂಡನ ಕೈ ತಟ್ಟುತ್ತ, ಅವನ ಬದುಕು ಹಾಳಾದದ್ದನ್ನು ಅವಳೇ ಹಾಡಬೇಕಾಯಿತು. ಎಂಥ ಗ್ರಹಚಾರ ನೋಡಿ. ಹಾಳಾಯ್ತು ಅನ್ನುವ ಕಡೆ ಹಸನಾಯ್ತು ಎಂದು ಹಾಡಿ ನೋಡಿದಳು. ಅವನು ಕೈ ಕಿತ್ತುಕೊಂಡು ಗೋಡೆಯ ಕಡೆ ತಿರುಗಿದ. ನೀರು ಬೇಕು ಎಂಬುದನ್ನು ಅದೇ ರಾಗಕ್ಕೆ ಕೂರಿಸಿದಳು, ಬರಲಿಲ್ಲ. ನೀರಿಗೂ ಅದೇ ಸಾಲು, ಬಚ್ಚಲಿಗೂ ಅದೇ ಸಾಲು, ಮಗಳು ಮುದ್ದಿಸಿದರೂ ಅದೇ ಸಾಲು. ಹಾಗಾದರೆ ಅದಕ್ಕೆ ಅರ್ಥವೇ ಇರಲಿಕ್ಕಿಲ್ಲ, ಬರೀ ಸದ್ದು ಇರಬೇಕು ಎಂದು ಪದ್ಮಿನಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಅದನ್ನು ಬರೆದಾಗ ಅವನಿಗೆ ಮಾತು ಚೆನ್ನಾಗಿಯೇ ಇತ್ತಲ್ಲ. ಆ ಯೋಚನೆ ಅವಳನ್ನು ಮಲಗಲು ಬಿಡುತ್ತಿರಲಿಲ್ಲ.

ಚಳಿಗಾಲದಲ್ಲಿ ಮಿದುಳಿಗೆ ಇನ್ನೊಂದು ಸಣ್ಣ ಆಘಾತವಾಯಿತು. ಹಾಡೂ ಸವೆಯತೊಡಗಿತು. ಈ ಸಾಲೂ ಹೋದರೆ ಮತ್ತೆ ಬಾಯಿ ತೆರೆಯುವುದು ಕಷ್ಟ ಎಂದು ಥೆರಪಿಸ್ಟ್ ಮೆಲ್ಲಗೆ ಹೇಳಿ ಹೋದಳು. ಮರುದಿನ ಪದ್ಮಿನಿ ಅವನೆದುರು ಕುರ್ಚಿ ಎಳೆದುಕೊಂಡು ಕೂತಳು.

"ರೀ, ನಿಜ ಹೇಳಿ. ನನ್ನ ಜೊತೆ ಬಂದು ನಿಮಗೆ ಹಂಗೇ ಅನ್ನಿಸ್ತಿತ್ತಾ?"

ಪುಟ್ಟಸ್ವಾಮಿ ಅವಳನ್ನೇ ನೋಡಿದ. ಹೂಂ ಅಂದ. ಉಹೂಂ ಅಂದ. ಕಣ್ಣು ತುಂಬಿಕೊಂಡು ಹಾಡಲು ಹೊರಟ. "ನಿನ್ನ ಹಿಂದೆ ಬಂದೆ ಕಣೇ, ನನ್ನ ಬದುಕೇ..." ಅಲ್ಲಿಗೆ ನಿಂತಿತು. ಮತ್ತೆ ಶುರುಮಾಡಿದ, ಮತ್ತೆ ಅಲ್ಲೇ ನಿಂತ. ಕುತ್ತಿಗೆಯ ನರ ಉಬ್ಬಿತು, ಬಾಯಿ ಸೊಟ್ಟಗಾಯಿತು, ಹೇಳಿಕೊಡು ಎಂದು ಕಣ್ಣು ಬೇಡುತ್ತಿತ್ತು. ಪದ್ಮಿನಿ ಅವನ ಕೈ ತಟ್ಟುತ್ತ, "ಹಾಳಾಯ್ತು" ಎಂದು ಹಾಡಿದಳು.

ಅವನ ಮುಖ ಅರಳಿತು. ಅವಳ ಬೆರಳುಗಳನ್ನು ಹಿಡಿದು, ಇನ್ನೊಂದು ಸಲ ಎಂಬಂತೆ ತನ್ನ ಕೈಮೇಲೆ ಎಳೆದುಕೊಂಡ.