ಗಂಟಲಲ್ಲಿ ಇಲ್ಲದ ಗೊರಟೆ

ಎಂಬತ್ತರ ದಶಕದಲ್ಲಿ ಅಂಕೋಲೆಯ ಹೊರಗೆ, ಗೇರುಗುಡ್ಡದ ಬುಡದಲ್ಲಿ, ಒಂದು ಪಶುವೈದ್ಯ ತರಬೇತಿ ಶಾಲೆ ಇತ್ತು. ನಾವೆಲ್ಲ ಅದನ್ನು ಕಾಲೇಜು ಎಂದೇ ಕರೆಯುತ್ತಿದ್ದೆವು. ನಾನು ಅದರ ಲೈಬ್ರರಿಯನ್. ಕಾರವಾರದ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವಳಿಗೆ ಎಮ್ಮೆ ಹೊಟ್ಟೆಯ ಪುಸ್ತಕಗಳ ನಡುವೆ ಎಂತ ಕೆಲಸ ಎಂದು ಮನೆಯವರು ನಗುತ್ತಿದ್ದರು. ನನಗೋ ಆ ಜಾಗ ಬಹಳ ಡಿಯರ್. ಕಿಟಕಿಯ ಪಕ್ಕ ತಂತಿಯಲ್ಲಿ ಬಿಗಿದ ಎತ್ತಿನ ಅಸ್ಥಿಪಂಜರ, ಫಾರ್ಮಲಿನ್ ಬಾಟಲಿಗಳಲ್ಲಿ ಲೋಕ ಕಾಣದೇ ಹೋದ ಕರುಗಳು, ಗಾಜಿನ ಕಪಾಟಿನಲ್ಲಿ ದಪ್ಪ ಇಂಗ್ಲಿಷ್ ಪುಸ್ತಕಗಳು. ಎಲ್ಲವೂ ಇತ್ತು, ಆದರೆ ಬೀಗದ ಒಳಗೆ. ಉದ್ದನೆಯ ರಬ್ಬರ್ ಗ್ಲೌಸ್ ಕೂಡ ಇದ್ದವು. ಇನ್‌ಸ್ಪೆಕ್ಷನ್ ದಿನ ಮೇಜಿನ ಮೇಲೆ ಹರಡುವುದು, ಸಂಜೆ ಪೌಡರ್ ಹಚ್ಚಿ ಮತ್ತೆ ಒಳಗಿಡುವುದು. "ಕೈಯೇ ಕಲಿಸ್ತದ್ರಿ, ಗ್ಲೌಸ್ ಅಲ್ಲ" ಎನ್ನುತ್ತಿದ್ದರು ಘಟ್ಟದ ಮೇಲಿನಿಂದ ಬಂದ ನಮ್ಮ ಲೆಕ್ಚರರು.

ಆ ವರ್ಷದ ಕ್ಲಾಸಿನಲ್ಲಿ ಇದ್ದವಳು ಒಬ್ಬಳೇ ಹುಡುಗಿ. ಹಣಕೋಣದ ನನ್ನ ಗೆಳತಿಯ ಮಗಳು. ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಳು. ಅವಳ ಜವಾಬ್ದಾರಿ ನನ್ನದು.

ಮಾವಿನ ಕಾಲ. ಒಂದು ಬೆಳಿಗ್ಗೆ ಪಕ್ಕದ ಕೇರಿಯ ಹೆಂಗಸೊಬ್ಬಳು ಕೆಂದು ಹಸುವನ್ನು ಎಳೆದು ತಂದಳು. ಹಸುವಿನ ಬಾಯಿಯಿಂದ ಜೊಲ್ಲು ಹಗ್ಗದ ಹಾಗೆ ನೇತಾಡುತ್ತಿತ್ತು.

"ಇಶಾಡ್ ಹಣ್ಣು ತಿಂದದೆ ಅಕ್ಕೋರೆ. ಗೊರಟೆ ಸಿಕ್ಕಾಕಂಡದೆ."

ಬಿದ್ದ ಮಾವು ತಿಂದು ದನಗಳು ಹೀಗೆ ಒದ್ದಾಡುವುದು ಅಂಕೋಲೆಯಲ್ಲಿ ಪ್ರತಿ ವರ್ಷದ ಮಾತು. ಯಾರಿಗೂ ಬೇರೆ ಸಂಶಯ ಬರಲಿಲ್ಲ. ಲೆಕ್ಚರರು ಅಂಗಿ ತೋಳು ಮಡಚಿ ಬರಿಗೈಯನ್ನು ಬಾಯೊಳಗೆ ಹಾಕಿದರು. ಅವರದು ಅಗಲ ಕೈ, ಗಂಟಲಿಗೆ ಇಳಿಯಲಿಲ್ಲ. "ನಿನ್ನ ಕೈ ಸಣ್ಣದೈತಿ, ಬಾರವ್ವ" ಎಂದು ಅವಳನ್ನು ಕರೆದರು. ಹಿಂದಿನ ಸಂಜೆಯಷ್ಟೇ ನಮ್ಮ ಅಡುಗೆಮನೆಯಲ್ಲಿ ಹೊಳೆಯಿಂದ ತಂದ ಬಳಚಿನ ಚಿಪ್ಪು ಬಿಡಿಸುತ್ತ ಅವಳು ಬೆರಳು ಕೊಯ್ದುಕೊಂಡಿದ್ದಳು. ಆ ಕೈಯನ್ನೇ ಮೊಣಕೈವರೆಗೂ ಹಾಕಿ ಹುಡುಕಿದಳು.

ನಲ್ಲಿಯಲ್ಲಿ ಕೈ ತೊಳೆಯುತ್ತ ನನಗೆ ಮಾತ್ರ ಕೇಳುವಂತೆ ಅಂದಳು, "ಮಾವಶಿ, ಒಳಗೆ ಎಂತದೂ ಇಲ್ಲ. ಗಂಟಲು ನನ್ನ ಕೈಯನ್ನ ಒತ್ತಲೇ ಇಲ್ಲ. ಸತ್ತದ್ದರ ಬಾಯೊಳಗೆ ಕೈ ಹಾಕಿದಂಗೆ."

ಹಸುವನ್ನು ಕಾಲೇಜಿನ ಕೊಟ್ಟಿಗೆಯಲ್ಲೇ ಕಟ್ಟಿಸಿದರು. ಮಧ್ಯಾಹ್ನದ ಹೊತ್ತಿಗೆ ಅದು ಕೂಗತೊಡಗಿತು. ದನದ ಕೂಗಲ್ಲ ಅದು, ಸೀಳಿದ, ಒಣಗಿದ ಸ್ವರ. ರೀಡಿಂಗ್ ರೂಮಿನಲ್ಲಿ ಹುಡುಗರು ಪುಟ ತಿರುವುವುದನ್ನು ನಿಲ್ಲಿಸಿ ಕೂತರು. ಮರುದಿನ ಅದು ಕಂಬಕ್ಕೆ ಹಣೆ ಬಡಿಯಿತು. ಅದರ ಮರುದಿನ ಸತ್ತಿತು.

ಹಸು ಹೂಳುವಾಗ ಹುಡುಗಿ ಆ ಹೆಂಗಸನ್ನು ಕೇಳಿದಳು, "ನಾಯಿ ಏನಾದ್ರೂ ಕಚ್ಚಿತ್ತ?"

"ಕಚ್ಚಿತ್ತಲ್ರಾ, ಮೂಗಿಗೆ. ಅದು ಯಾವಾಗ್ಲೋ. ಗಾಯ ಮಾಯ್ದು ಹೋಯ್ತು."

ಹುಚ್ಚು ನಾಯಿಯ ರೋಗ ಮೈಯಲ್ಲಿ ಎದ್ದ ಮೇಲೆ ಮದ್ದಿಲ್ಲ. ಏಳುವುದರೊಳಗೆ ಸೂಜಿ ಬೀಳಬೇಕು. ನಾನು ಓಡಿಹೋಗಿ ಲೆಕ್ಚರರಿಗೆ ಹೇಳಿದೆ.

"ಮೇಡಂ, ನೀವು ಲೈಬ್ರರಿ ನೋಡ್ಕೋರಿ. ಅದು ಗೊರಟೇನೇ. ಆ ರೋಗದ ಹೆಸರು ಎತ್ತಿದ್ರ ನಾಳೆಯಿಂದ ಇಲ್ಲಿಗೆ ಒಂದು ಕೋಳೀನೂ ಬರೂದಿಲ್ಲ."

"ನಿಮ್ಮ ಕೈಯೂ ಅದರ ಬಾಯೊಳಗೆ ಹೋಗಿತ್ತು, ಸರ್."

ಅವರು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ಅದೇ ಮಧ್ಯಾಹ್ನ ಅವಳನ್ನು ಕರೆದುಕೊಂಡು ಕಾರವಾರದ ಬಸ್ಸು ಹತ್ತಿದೆ. ದವಾಖಾನೆಯ ಡಾಕ್ಟರು ಎಲ್ಲವನ್ನೂ ಕೇಳಿ, ಕೂಡಲೇ ಶುರು ಮಾಡೋಣ ಎಂದರು. ಹದಿನಾಲ್ಕು ಸೂಜಿ, ದಿನಕ್ಕೊಂದು, ಹೊಕ್ಕುಳ ಸುತ್ತ. ದಿನಾ ನಾವಿಬ್ಬರೂ ಅರ್ಗಾ ಊರು ದಾಟಿ ಕಾರವಾರಕ್ಕೆ ಹೋಗುತ್ತಿದ್ದೆವು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅವಳು ಹೊಟ್ಟೆ ಹಿಡಿದುಕೊಂಡು ತುಟಿ ಕಚ್ಚುತ್ತಿದ್ದಳು. ಆ ರೋಗ ಎದ್ದವರಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಮನೆಯಲ್ಲಿ ಅವಳು ನೀರಿನ ಲೋಟ ಎತ್ತಿದರೆ ನನ್ನ ಕೈಕೆಲಸ ನಿಂತುಬಿಡುತ್ತಿತ್ತು.

"ಮಾವಶಿ, ನನ್ನ ಗಂಟಲು ನೋಡೂದು ಬಿಡು. ಕುಡಿಯೂದಕ್ಕೇ ನಾಚಿಕೆ ಆಗ್ತದೆ."

"ನಾನೆಲ್ಲಿ ನೋಡ್ದೆ? ನೀನು ಕುಡಿ."

ಗಟಗಟ ಕುಡಿದು, ಲೋಟವನ್ನು ತಲೆಕೆಳಗು ಮಾಡಿ ತೋರಿಸುತ್ತಿದ್ದಳು, ನಾಟಕದವಳ ಹಾಗೆ. ನಾನು ನಗುತ್ತಿದ್ದೆ. ಆಮೇಲೆ ಹಿತ್ತಲಿಗೆ ಹೋಗಿ, ಸಿಸ್ಟರುಗಳು ಕಲಿಸಿದ ಹೇಲ್ ಮೇರಿಯನ್ನು ನಮ್ಮ ತುಳಸಿಕಟ್ಟೆಯ ಎದುರು ಹೇಳುತ್ತಿದ್ದೆ. ಯಾರಿಗೆ ಕೇಳಿದರೂ ಸರಿ ಎಂದು.

ಕಾಲೇಜಿನಲ್ಲಿ ಲೆಕ್ಚರರು ಎಂದಿನಂತೆ ಪಾಠ ಮಾಡುತ್ತಿದ್ದರು. ಆದರೆ ಮಧ್ಯೆ ಮಧ್ಯೆ ಉಗುಳು ನುಂಗಿ ನೋಡಿಕೊಳ್ಳುತ್ತಿದ್ದರು. ಅದು ನನಗೊಬ್ಬಳಿಗೇ ಕಂಡಿತೋ ಏನೋ.

ಅವಳ ಕೊನೆಯ ಸೂಜಿಯ ದಿನ ದವಾಖಾನೆಯ ವರಾಂಡದಲ್ಲಿ ಸಾಲು ಉದ್ದವಿತ್ತು. ಸಾಲಿನ ತುದಿಯಲ್ಲಿ, ಗೋಡೆಯ ಕಡೆ ಮುಖ ಮಾಡಿ, ಲೆಕ್ಚರರು ನಿಂತಿದ್ದರು. ನನ್ನನ್ನು ಕಂಡು ಬೆವರು ಒರೆಸಿಕೊಂಡರು.

"ಕಾಲೇಜ್‌ನಾಗ ಹೇಳಬ್ಯಾಡ್ರಿ ಮೇಡಂ."

"ಶುರು ಮಾಡಿದ್ದೀರಾ, ಸರ್?"

"ಇವತ್ತ."

ಹುಡುಗಿ ಅವರು ಕಳೆದ ದಿನಗಳನ್ನು ಎಣಿಸಿದಳೆಂದು ಕಾಣುತ್ತದೆ, ಮನಸ್ಸಿನಲ್ಲೇ. ನಮ್ಮ ಸರದಿ ಬಾಗಿಲ ಹತ್ತಿರವೇ ಇತ್ತು. ಅವಳು ಸಾಲಿನಿಂದ ಹೊರಗೆ ಬಂದು, ಅವರ ತೋಳು ಹಿಡಿದು ತನ್ನ ಜಾಗದಲ್ಲಿ ತಂದು ನಿಲ್ಲಿಸಿದಳು.

"ನೀವು ಮೊದಲು ಹೋಗಿ, ಸರ್. ನಂದು ಇನ್ನೊಂದೇ."